ಅಳಿವೆ ಬಾಗಿಲು

ಮನೆ ಬೆಂಗ್ರೆಯಲ್ಲಿ, ಕೆಲಸ ದಕ್ಕೆಯಲ್ಲಿ.
ನಡುವೆ ಹೊಳೆ, ಹತ್ತು ನಿಮಿಷದ ಫೆರಿ.
ಹನ್ನೊಂದು ಬೋಟುಗಳ ಲೆಕ್ಕ ಮನೆಯ ಕಂಪ್ಯೂಟರಿನಲ್ಲಿ:
ಡೀಸೆಲ್ಲು, ಐಸು, ತಾಂಡೇಲನ ಪಾಲು,
ಬಲೆ ಹರಿದ ದಿನ ಕೊಟ್ಟ ಮುಂಗಡ.
ಬಂಗುಡೆ ಏಲಂ ನಡುವೆಯೇ ಕೇಳುತ್ತಾರೆ,
"ಸುಗುಣಕ್ಕ, ನಮ್ಮದು ಎಷ್ಟು ಬಾಕಿ?"
ಉತ್ತರ ಆಚೆ ದಡದಲ್ಲಿ,
ನಾನು ಈಚೆ, ಪಾದ ಮುಳುಗುವಷ್ಟು ಮೀನು ನೀರಿನಲ್ಲಿ.

ರೂಟರಿನಲ್ಲಿ ಒಂದು ಪೋರ್ಟು ತೆರೆದರಾಯಿತು, ಎಂದರು ಯಾರೋ.
ಪೋರ್ಟು ಎಂದರೆ ಬಂದರು ತಾನೇ?
ಬಂದರಿನಲ್ಲೇ ಮೂವತ್ತು ವರ್ಷ ಸವೆಸಿದವಳಿಗೆ
ಅದೇನು ಮಹಾ, ಎಂದುಕೊಂಡೆ.
ಅಂಗೈಯಗಲದ ಆ ಪೆಟ್ಟಿಗೆಯೊಳಗೆ
ಅರವತ್ತೈದು ಸಾವಿರದ ಮೇಲೆ ಬಂದರುಗಳಿವೆ ಎಂದು
ಆಮೇಲೆ ತಿಳಿಯಿತು.

ಮೊದಲ ವಾರ ಒಂದು ದೋಣಿಯೂ ಬರಲಿಲ್ಲ.
ಕೇಬಲ್ಲಿನ ಹಂಝಾಕ ಕಂಬದ ಮೇಲಿನಿಂದಲೇ ಹೇಳಿದರು:
"ನಿಮಗೆ ಸ್ವಂತ ವಿಳಾಸವೇ ಇಲ್ಲ ಅಕ್ಕ,
ಈ ಸಾಲಿನ ನೂರು ಮನೆಗೂ ಹೊರಗೆ ಒಂದೇ ನಂಬರು."
ತಿಂಗಳಿಗೆ ಇನ್ನೂರು ಜಾಸ್ತಿ ಕೊಟ್ಟು ವಿಳಾಸ ಕೊಂಡೆ.
ಒಳಗೆ ಕಂಪ್ಯೂಟರಿಗೂ ಒಂದು ಖಾಯಂ ಅಂಕೆ ಕಟ್ಟಿದೆ,
ಇಲ್ಲದಿದ್ದರೆ ಕರೆಂಟು ಹೋಗಿ ಬಂದಾಗಲೆಲ್ಲ
ಅದು ಜಾಗ ಬದಲಿಸಿ ಕೂರುತ್ತಿತ್ತು.
ತೆರೆದೆ. ದಕ್ಕೆಯಿಂದ ಒತ್ತಿದರೆ ಮನೆಯ ಪರದೆ!
ಆ ದಿನ ಎಲ್ಲರ ಬಾಕಿಯನ್ನೂ ಅವರು ಕೇಳುವ ಮೊದಲೇ ಹೇಳಿದೆ.

ನಾಲ್ಕನೇ ರಾತ್ರಿ ಲಾಗ್ ನೋಡಿದೆ.
ಬಾಗಿಲು ಬಡಿದವರ ಪಟ್ಟಿ,
ಬೆರಳಲ್ಲಿ ಜಾರಿಸಿದಷ್ಟೂ ಮುಗಿಯದು.
ಸೆಕೆಂಡಿಗೊಬ್ಬ. ಯಾವ ಊರಿನವರೋ.
ಅಡ್ಮಿನ್ ಇದ್ದಾನಾ? ಟೆಸ್ಟ್ ಇದ್ದಾನಾ? ಗೆಸ್ಟ್? ಜಾನ್?
ಸುಗುಣ ಎಂದು ಒಬ್ಬನೂ ಕರೆದಿರಲಿಲ್ಲ.
ಅದು ಸಮಾಧಾನ. ಸ್ವಲ್ಪ ಅವಮಾನ ಕೂಡ.

ಅಜ್ಜಿ ಹೇಳುತ್ತಿದ್ದಳು:
ರಾತ್ರಿ ಹೊರಗಿನಿಂದ ಕರೆದರೆ ಓಗೊಡಬೇಡ,
"ಏರ್?" ಎಂದು ಕೂಡ ಕೇಳಬೇಡ.
ಕೇಳಿದೆಯೋ, ಒಳಗೆ ಜನ ಇದ್ದಾರೆಂದು ಗೊತ್ತಾಯಿತು.

ಮುಚ್ಚಿದೆ. ಆ ಹೊತ್ತಿಗೇ, ರಾತ್ರಿ ಒಂದೂವರೆಗೆ.

ತಾಂಡೇಲ ಐತಪ್ಪಣ್ಣನಿಗೆ ಕಂಪ್ಯೂಟರು ಬಾರದು,
ಅಳಿವೆ ಬಾಗಿಲು ಬರುತ್ತದೆ.
"ಕಡಲು ಅಷ್ಟಗಲ, ಒಳಗೆ ಬರುವ ದಾರಿ ಇಷ್ಟೇ.
ಎರಡೂ ಕಡೆ ಹೂಳು.
ಗೊತ್ತಿದ್ದವನು ನೇರ ಬರುತ್ತಾನೆ,
ಗೊತ್ತಿಲ್ಲದವನಿಗೆ ಅಲ್ಲಿ ಬಾಗಿಲಿದೆ ಎಂದೇ ಕಾಣುವುದಿಲ್ಲ."

ಅಂಥದ್ದೇ ಒಂದಿದೆ, ವಿಪಿಎನ್ ಎನ್ನುತ್ತಾರೆ.
ಹಂಝಾಕರ ಮಗಳು ಶಮೀನಾ ಭಾನುವಾರ ಕೂತು ಮಾಡಿಸಿದಳು,
ಒತ್ತಬೇಕಾದವಳು ನಾನೇ, ಅವಳು ಮುಟ್ಟುವುದಿಲ್ಲ.
ಕಂಪ್ಯೂಟರಿಗೆ ನೇರ ದಾರಿ ಇನ್ನಿಲ್ಲ.
ರೂಟರಿನಲ್ಲೇ ಒಂದೇ ಒಂದು ಕಿರುಬಾಗಿಲು,
ಕೀಲಿ ಅಲ್ಲೊಂದು, ನನ್ನ ಲ್ಯಾಪ್‌ಟಾಪಿನಲ್ಲೊಂದು.
ಕೀಲಿ ಇಲ್ಲದವನು ಬಡಿದರೆ
ಇಲ್ಲ ಎಂದು ಸಹ ಅನ್ನುವುದಿಲ್ಲ ಅದು. ಅಜ್ಜಿಯ ಹಾಗೆ.
ಟಿವಿ, ಕ್ಯಾಮರಾ ನಮ್ಮನ್ನು ಕೇಳದೆ ತಾವೇ ಕಿಂಡಿ ಕೊರೆಯಲು
ಕಂಪೆನಿಯವರು ಬಿಟ್ಟಿದ್ದ ಗುಂಡಿ ಆರಿಸಿದೆವು.
ರೂಟರಿನ ಹಳೇ ತಂತ್ರಾಂಶ ತೆಗೆದು ಹೊಸತು ಹಾಕಿದೆವು.
ಅದರ ಪಾಸ್‌ವರ್ಡು ಇಷ್ಟು ವರ್ಷ ಅಡ್ಮಿನ್ ಎಂದೇ ಇತ್ತು;
ಶಮೀನಾ ಮಾತಾಡಲಿಲ್ಲ, ನನ್ನ ಮುಖ ನೋಡಿದಳು.
ಈಗ ಉದ್ದನೆಯ ಒಂದು ತುಳು ಬೈಗುಳ ಇದೆ.
ಇಲ್ಲಿ ಬರೆಯುವುದಿಲ್ಲ.

ನಿನ್ನೆ ಕೊನೆಯ ಫೆರಿಯಲ್ಲಿ ಬಂದೆ.
ಸಂಜೆಯಿಡೀ ಆಚೆ ದಡದಿಂದ
ಇದರೊಳಗೇ ಲೆಕ್ಕ ಬರೆದಿದ್ದೆ.
ಕುರ್ಚಿ ಬೆಳಗ್ಗೆ ಬಿಟ್ಟಲ್ಲೇ, ಮೌಸು ಕದಲಿಲ್ಲ,
ಪರದೆ ಬೀಗ ಹಾಕಿಕೊಂಡು ಕೂತಿದೆ.
ಯಾರು, ಎಂದಿತು.
"ಯಾನ್," ಎಂದೆ ಜೋರಾಗಿಯೇ.
ಸಾಲಲಿಲ್ಲ.
ಚೀಲ ಕೆಳಗಿಟ್ಟು, ಕನ್ನಡಕ ಹುಡುಕಿ,
ಒಂದೊಂದೇ ಅಕ್ಷರ ಒತ್ತಿದೆ.