ಕಿಟಕಿ ನಂಬರ್ ಮೂರು

ಇಪ್ಪತ್ತೊಂಬತ್ತು ವರ್ಷ ಕಾರವಾರ ಡಿಪೋದ
ಮೂರನೇ ಕಿಟಕಿಯ ಹಿಂದೆ ಕೂತು
ಪಾಸು ಬರೆದ ಕೈ ಇದು.
ಫೋಟೋದ ಮೇಲೆ ಅರ್ಧ, ಕಾಗದದ ಮೇಲೆ ಅರ್ಧ
ಬೀಳುವಂತೆ ಠಸ್ಸೆ ಒತ್ತಿದ ಕೈ.
ಯಾರಿಗೆ ಪಾಸು ಲಾಭ, ಯಾರಿಗೆ ಲುಕ್ಸಾನು,
ಮುಖ ನೋಡಿಯೇ ಹೇಳುತ್ತಿದ್ದೆ.

ತೋಡೂರಿನಿಂದ ದಿನಾ ಬರುವ ಕಾಲೇಜು ಹುಡುಗಿಗೆ ಲಾಭ.
ಬಿಣಗಾದ ಕಾರ್ಖಾನೆಗೆ ಮೂರು ಪಾಳಿ ಸುತ್ತುವವನಿಗೂ ಲಾಭ.
ತಿಂಗಳಿಗೆ ಎರಡು ಸಲ ಕೋರ್ಟಿಗೆ ಬರುವ
ಮಾಜಾಳಿಯ ಅಜ್ಜನಿಗೆ ಮಾತ್ರ,
"ಬೇಡ ಅಜ್ಜ, ಟಿಕೇಟು ತಗೊಳ್ಳಿ,
ಉಳಿದ ದುಡ್ಡಲ್ಲಿ ಚಾ ಕುಡೀರಿ."

ಈಗ ಇನಾಸಿನ್ ನನ್ನ ಮುಂದೆ ಕೂತಿದ್ದಾಳೆ.
ಕೋಡಿಬಾಗದ ಅವಳ ಅಡುಗೆಮನೆ, ಮೇಜಿನ ಮೇಲೆ
ಯುರೋಪಿನ ನಕಾಶೆ,
ಹಾರದಂತೆ ಅದರ ಮೂಲೆಗೆ ಸೋಲಕಡಿಯ ಲೋಟ.
ಹತ್ತು ದಿನ, ನಾಲ್ಕು ದೇಶ, ಇಬ್ಬರು ಹೆಂಗಸರು,
ನಂಬಬಹುದಾದ ಮೊಣಕಾಲು ಮೂರು.
"ಪಾಸೇ ತಗೊಂಡುಬಿಡುವಾ ಗೋ," ಅನ್ನುತ್ತಾಳೆ,
"ಯಾವ ರೈಲಾದರೂ ಹತ್ತಬಹುದಂತೆ."

ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಗೆರೆ ಎಳೆದೆ.
ಪ್ಯಾರಿಸ್‌ನಿಂದ ಬ್ರಸೆಲ್ಸ್. ಅಲ್ಲಿಂದ ಆಮ್‌ಸ್ಟರ್‌ಡ್ಯಾಮ್.
ಅಲ್ಲಿಂದ ಕಲೋನ್.
ರೈಲು ಹತ್ತುವುದು ಮೂರೇ ದಿನ,
ಉಳಿದದ್ದೆಲ್ಲ ನಡೆಯುವುದು, ಕೂರುವುದು, ಪಾಯಖಾನೆ ಹುಡುಕುವುದು.
ಪಾಸಿನಲ್ಲಿ ನಾಲ್ಕು ದಿನ ಕೊಡುತ್ತಾರೆ,
ಒಂದು ಹಾಗೇ ಹಳಸುತ್ತದೆ
ಮಧ್ಯಾಹ್ನ ದಾಟಿದ ಬಂಗಡೆಯಂತೆ.
ಅರವತ್ತು ತುಂಬಿದವರ ರಿಯಾಯಿತಿ ಕಳೆದೆ,
ವೇಗದ ರೈಲಿಗೆ ಸೀಟಿನ ದುಡ್ಡು ಬೇರೆ, ಅದನ್ನು ಕೂಡಿಸಿದೆ,
ಯೂರೋವನ್ನು ರೂಪಾಯಿ ಮಾಡಿದೆ, ಮಾಡಬಾರದಿತ್ತು.
ಎರಡು ತಿಂಗಳು ಮೊದಲೇ ಬಿಡಿ ಟಿಕೇಟು ತೆಗೆದರೆ
ಪಾಸಿನ ಅರ್ಧಕ್ಕೂ ಕಡಿಮೆ.

"ಲುಕ್ಸಾನು," ಅಂದೆ, ಠಸ್ಸೆ ಒತ್ತಿದ ಹಾಗೆ.

ಇನಾಸಿನ್ ತೀಸ್ರೆಯ ಚಿಪ್ಪು ಬಿಡಿಸುತ್ತ ಕೂತಳು.
ಬಹಳ ಹೊತ್ತಿನ ಮೇಲೆ ಹೇಳಿದಳು:
"ಮೂವತ್ತನಾಲ್ಕು ವರ್ಷ ಸಿವಿಲ್ ಆಸ್ಪತ್ರೆಯಲ್ಲಿ
ಗೋಡೆಯ ಡ್ಯೂಟಿ ಚಾರ್ಟು ನೋಡಿ ಬದುಕಿದೆ.
ರಾತ್ರಿ ಪಾಳಿ, ಹಗಲು ಪಾಳಿ, ಕ್ರಿಸ್‌ಮಸ್ಸಿಗೂ ಪಾಳಿ.
ತಪ್ಪಿಸಿಕೊಂಡರೂ ನಡೆಯುವ ಒಂದು ರೈಲು ಬೇಕು ನನಗೆ.
ಹೆಸರು ಓದಲು ಬಾರದ ಯಾವುದೋ ಸ್ಟೇಷನ್ನಿನಲ್ಲಿ
ಚಂದ ಕಂಡಿತೆಂದು ಇಳಿಯಬೇಕು.
ನಿನ್ನ ಅಗ್ಗದ ಟಿಕೇಟು ಇಳಿಯಲು ಬಿಡ್ತದೆಯೇ?"

ಬಿಡುವುದಿಲ್ಲ.
ಎಂಟು ಹದಿಮೂರರ ರೈಲೆಂದರೆ ಎಂಟು ಹದಿಮೂರರದ್ದೇ,
ತಪ್ಪಿದರೆ ಆ ಕಾಗದದಲ್ಲಿ ಶೇಂಗಾ ಕಟ್ಟಬಹುದು.

ಆಗ ನೆನಪಾದವಳು ತುಳಸಾ ಹರಿಕಂತ್ರ.
ತಿಂಗಳಿಗೆ ನಾಲ್ಕು ಸಲವೂ ಅಂಕೋಲೆಗೆ ಹೋಗದವಳು
ತಪ್ಪದೆ ಬಂದು ತಿಂಗಳ ಪಾಸು ಕೇಳುತ್ತಿದ್ದಳು.
"ಲೆಕ್ಕ ಬರೂದಿಲ್ಲವೇನೇ ನಿನಗೆ?"
ಕಿಟಕಿಯೊಳಗಿಂದ ಬೈಯುತ್ತಿದ್ದೆ.
"ಬರ್ತದೆ ಬಾಯೀ," ಅನ್ನುತ್ತ
ಎಲೆಯಡಿಕೆ ಸಂಚಿಯೊಳಗೆ ಅದನ್ನು ತೂರಿಸುತ್ತಿದ್ದಳು,
"ಇದೊಂದು ಇದ್ದರೆ ಮಗಳ ಮನೆ ಹತ್ತಿರ ಇದ್ದಾಂಗೆ."

ಆ ಲಾಭಕ್ಕೆ ನನ್ನ ರಿಜಿಸ್ಟರಿನಲ್ಲಿ
ಕಾಲಂ ಇರಲಿಲ್ಲ.

ಸಂಜೆಗೆ ಹಿತ್ತಿಲಾಚೆ ಕಾಳಿ ನದಿಯಲ್ಲಿ ಭರತ ಏರಿತು.
ನಾವು ತೀರ್ಮಾನಿಸಿದೆವು, ಅಥವಾ ಅರ್ಧ ತೀರ್ಮಾನಿಸಿದೆವು:
ಪಾಸು ಬೇಡ.
ಮೊದಲಿನದಕ್ಕೂ ಕೊನೆಯದಕ್ಕೂ ಇಲ್ಲಿಂದಲೇ ಟಿಕೇಟು.
ನಡುವಿನ ದಿನ ಖಾಲಿ.
ಬ್ರಸೆಲ್ಸ್‌ನಲ್ಲಿ ಎದ್ದು, ಚಾ ಸಿಕ್ಕರೆ ಕುಡಿದು,
ನಿಧಾನದ ರೈಲಿಗೆ ಪೂರಾ ದುಡ್ಡು ತೆತ್ತು
ಅವಳು ಇಳಿ ಅಂದಲ್ಲಿ ಇಳಿಯುವುದು.

ಮಷಿನ್ನಿನಲ್ಲಿ ಬೇಡ, ಕಿಟಕಿಯಲ್ಲೇ ಕೇಳುವಾ ಅಂದೆ.
ಆ ಕಡೆ ನನ್ನಂಥ ಒಬ್ಬಳು ಕೂತಿರುತ್ತಾಳೆ,
ಕನ್ನಡಕದ ಮೇಲಿಂದ ನಮ್ಮಿಬ್ಬರನ್ನೂ ನೋಡಿ
ಮೊದಲೇ ತೆಗೆಯಬಾರದಿತ್ತೇ ಅನ್ನುತ್ತಾಳೆ ತನ್ನ ಭಾಷೆಯಲ್ಲಿ,
ಚಿಲ್ಲರೆ ತರಲು ಏನು ಧಾಡಿ ಅಂತಲೂ ಬೈಯುತ್ತಾಳೆ.
ಇನಾಸಿನ್‌ಗೆ ಒಂದಕ್ಷರ ತಿಳಿಯುವುದಿಲ್ಲ.
ನನಗೆ
ಎಲ್ಲ ತಿಳಿಯುತ್ತದೆ.