ಒಂದು ಗುಡಿಸು

ಮಂಗಲಪೇಟೆಯ ಚರ್ಚಿನಲ್ಲಿ, ಲೆಂಟಿನ ಮೂರನೆಯ ಭಾನುವಾರ,
ಪೀಠದ ಮೇಲೆ ನಿಂತು ನಾನು ಹೇಳಿದ್ದು ಇಷ್ಟು:
ನಾವು ಮಾಡಿದ ಒಳ್ಳೆಯದೆಲ್ಲ, ಅವನ ಬೆಳಕಿಗೆ ಹಿಡಿದರೆ,
ಹೊಲೆ ಹತ್ತಿದ ಅರಿವೆ.
ಬರೀ ಕೃಪೆ, ಬರೀ ಕೃಪೆ ಅಂತ ಮೇಜು ಗುದ್ದಿದೆ.
ಫ್ಯಾನು ತಿರುಗುತ್ತಿತ್ತು. ಯಾರೋ ಕೆಮ್ಮಿದರು.
ಹೆಂಗಸರ ಸಾಲಿನಲ್ಲಿ, ಕಂಬದ ಮಗ್ಗುಲಿಗೆ,
ಟೇಲರ್ ಸುವಾರ್ತಮ್ಮ ತನ್ನ ಬೆರಳು ನೋಡಿಕೊಂಡಳು,
ಸೂಜಿ ಚುಚ್ಚಿ ಚುಚ್ಚಿ ಜರಡಿಯಾದ ತೋರುಬೆರಳು.

ಹೇಳಲೇಬೇಕಾದ್ದು: ನಾನು ತೊಟ್ಟಿದ್ದ ಬಿಳಿ ನಿಲುವಂಗಿಯ ಅಂಚು
ಹಿಂದಿನ ವಾರ ಆಕೆಯೇ ಮಡಚಿ ಹೊಲಿದದ್ದು.
ದುಡ್ಡು ಕೊಡಹೋದರೆ, ಇರ್‍ಲಿ ಬಿಡ್ರಿ, ಅಂದಿದ್ದಳು.
ಅದಕ್ಕಿಂತ ಕಷ್ಟದಿಂದ ಹೇಳಬೇಕಾದ್ದು: ಆ ರಾತ್ರಿ ಕೂತು
ಸೂಪರಿಂಟೆಂಡೆಂಟರಿಗೆ ವರ್ಷದ ವರದಿ ಬರೆದೆ.
ಮನೆ ಭೇಟಿ ಮುನ್ನೂರ ಹನ್ನೆರಡು.
ರೋಗಿಗಳ ಭೇಟಿ ತೊಂಬತ್ತು.
ಎಂಬತ್ತಾರಿತ್ತು. ತೊಂಬತ್ತು ಅಂದೆ.

ಸೋಮವಾರ ಸಂಜೆ ಬಂದಳು.
ಜಂಬಿಟ್ಟಿಗೆಯ ಗೋಡೆ ಹಗಲಿನ ಬಿಸಿಲು ಇನ್ನೂ ಕಾರುತ್ತಿತ್ತು.
ಬಗಲಲ್ಲಿ ಗಂಟು:
ಉಸ್ಮಾನ್‌ಗಂಜಿನ ಅಂಗಡಿಯವ ಗುಡಿಸಿ ಹೊರಗೆಸೆದ ತುಂಡು,
ತೀರಿಹೋದ ಅತ್ತೆಯ ಇಳಕಲ್ ಸೆರಗು,
ಯಾವುದೋ ಶಾಲೆಯ ನೀಲಿ ಚೌಕಳಿ ಅಂಗಿ.
ಹೆರಿಗೆ ಆಸ್ಪತ್ರೆಯ ಕೂಸುಗಳಿಗೆ ಕೌದಿ.

“ಅಯ್ಯನವರೆ, ನಿನ್ನಿ ಅಂದ್ರಲ್ಲ, ಆ ಮಾತು,
ನಮ್ಮಜ್ಜಗ ಹಲಬರ್ಗಾದಾಗ ಅಂತಿದ್ರು.
ಬಾವಿ ಮ್ಯಾಲ ನಿಂತು ಬೊಗಸಿಗಿ ನೀರು ಸುರೂತಿದ್ರು.
ಆ ಮಾತು ಕಳೀಲಿ ಅಂತ ಇಲ್ಲಿಗಿ ಬಂದೇವು.
ದೇವರ ಮನ್ಯಾಗೂ ಅದ ಏನ್ರಿ?”

ನಾನೂ ಅದೇ ಬಾವಿಯ ಕೆಳಗಿನವನು. ಬಾಯಿ ಒಣಗಿತು.
ಮೂಲಭಾಷೆಯಲ್ಲಿ ಅದಕ್ಕೆ ಅರ್ಥ ಬೇರೆ, ಅಂತ ಶುರು ಮಾಡಿದೆ.
ಆಕೆ ನೆಲಕ್ಕೆ ಕೂತು ಗಂಟು ಬಿಚ್ಚಿ
ಸೂಜಿ ದಾರ ನನ್ನ ಕೈಗಿಟ್ಟಳು, ಪೋಣಿಸಿಕೊಡಲು.
ಕಣ್ಣು ಮಂಜು ಆಕೆಗೆ.
ಮೂರು ಸಲ ತಪ್ಪಿತು ನನಗೆ.

ಇಲ್ಲಿತನಕ ಎಷ್ಟು ಕೌದಿ ಆಗಿರಬಹುದು? ಕೇಳಿದೆ. ವರದಿಯ ಚಟ.
“ಯಾರು ಎಣಿಸ್ಯಾರ?
ಎಣಿಸಾಕ ಕುಂತ್ರ ಹೊಲಿಗಿ ಸೊಟ್ಟ ಆಗ್ತದ.”

ಮತ್ತೆ ಯಾಕೆ ಇದೆಲ್ಲ, ಅಲ್ಲಿ ಜಾಗ ಸಿಗಲಿ ಅಂತಲೇ?
ನಕ್ಕಳು.
“ಕೂಸು ಏನ್ ಮಾಡ್ಯಾದ್ರಿ, ಕೌದಿ ಸಿಗಾಕ?
ಹುಟ್ಯಾದ, ಅಷ್ಟ. ಹುಟ್ಟಿ ಉಚ್ಚಿ ಹೊಯ್ದದ.
ಆದ್ರೂ ಹೊಚ್ಚತೀವಿ.
ಬೆಚ್ಚಗಾದ ಮ್ಯಾಲ ಅದರ ಕಾಲು ನೋಡ್ರಿ,
ಝಾಡಿಸೇ ಝಾಡಿಸ್ತದ.
ಹೊಚ್ಚಿದ್ದಕ್ಕ ಕೂಲಿ ಕೊಡಾಕ ಅಲ್ಲ,
ತಡೀಲಾರ್ದ.
ನನ್ನ ಕೈನೂ ಹಂಗ ಅಂತ ತಿಳ್ಕೋರಿ.
ಯಾರೋ ಮೊದಲೇ ಹೊಚ್ಚ್ಯಾರ ನನಗ.”

ದೀಪ ಹಚ್ಚುವ ಹೊತ್ತಿಗೆ ಎದ್ದು ಹೋದಳು.
ಒಂದು ಕೆಂಪು ಚಿಂದಿ ಚಾಪೆಯ ಮೇಲೆ ಉಳಿದಿತ್ತು.

ವರದಿ ತೆಗೆದು ತೊಂಬತ್ತನ್ನು ಎಂಬತ್ತಾರು ಮಾಡಿದೆ.
ಮಾಡಿದ್ದೇ, ಇದೂ ಒಂದು ಸತ್ಕಾರ್ಯವಲ್ಲವೇ ಅನಿಸಿ
ನನಗೇ ನಾಚಿಕೆಯಾಯಿತು.
ಕಾಗದದ ಮೂಲೆಗೆ ಆ ಪದ ಬರೆದು ದಿಟ್ಟಿಸಿದೆ: ಹೊಲೆ.
ನಮ್ಮ ಕಡೆಯ ನಾಲಿಗೆಯಲ್ಲಿ ಎತ್ವ ನಿಲ್ಲುವುದಿಲ್ಲ,
ಮನೆ ಹೋಗಿ ಮನಿ, ಬೆಳೆ ಹೋಗಿ ಬೆಳಿ.
ಸುವಾರ್ತಮ್ಮನ ಬಾಯಲ್ಲಿ ಇದಕ್ಕೂ ಅಷ್ಟೇ,
ಒಂದು ಗುಡಿಸು ಬಂದು ಕೂರುತ್ತದೆ, ಕೇಳದೆ, ಕರೆಯದೆ:
ಹೊಲಿ.

ಅಷ್ಟೂ ಕಾಲ ಓದಿದವನಿಗೆ ಕಂಡಿರಲಿಲ್ಲ.

ಗೂಟದಿಂದ ನಿಲುವಂಗಿ ಇಳಿಸಿ ಅಂಚು ತಿರುವಿ ನೋಡಿದೆ.
ಹೊರಗೆ ನೇರ. ಒಳಮಗ್ಗುಲಲ್ಲಿ, ಒಂದು ಗೇಣಿನಷ್ಟು,
ಹೊಲಿಗೆ ಸೊಟ್ಟಗಿತ್ತು.
ಆ ಹೊತ್ತು ಏನು ಎಣಿಸುತ್ತಿದ್ದಳೋ ಆಕೆ.