ಎರಡೆರಡು ಕ್ಲಿಪ್ಪು

ಇಲ್ಲಿ ಮರಗಳಿಲ್ಲ. ಗಾಳಿಗೆ ಅಡ್ಡ ಬರಲು
ನಾವು, ಕಲ್ಲಿನ ಗೋಡೆ, ಕುರಿಗಳು, ಅಷ್ಟೇ.
ಲೂಯಿಸ್ ದ್ವೀಪದ ಬಡಗು ತುದಿಯಲ್ಲಿ
ಭಾನುವಾರವೆಂದರೆ ಭಾನುವಾರ:
ದೋಣಿ ನೀರಿಗಿಳಿಯದು, ಗುದ್ದಲಿ ಗೋಡೆ ಬಿಟ್ಟೇಳದು,
ಹುಂಜವೂ ತುಸು ತಗ್ಗಿಸಿಯೇ ಕೂಗಬೇಕೆಂದು
ನನ್ನಪ್ಪ ನಂಬಿದ್ದ. ನಾನೂ.

ನಾನು ಕೀರ್ತನೆಯ ಸಾಲು ಎತ್ತಿಕೊಡುವವನು.
ನಮ್ಮ ಚರ್ಚಿನಲ್ಲಿ ವಾದ್ಯವಿಲ್ಲ. ನಾನೊಬ್ಬನೇ ಮೊದಲು ಎತ್ತುತ್ತೇನೆ;
ಊರು ತನ್ನ ತನ್ನ ವೇಗದಲ್ಲಿ ಅದನ್ನು ಹಿಡಿದು
ಎಳೆದು, ತಿರುವಿ, ಅಲೆಯಾಗಿಸಿ ತಂದು
ನನ್ನೆದೆಗೆ ಬಡಿಯುತ್ತದೆ.
ನಲವತ್ತೊಂದು ವರ್ಷ. ಶ್ರುತಿ ತಪ್ಪಿದ್ದಿಲ್ಲ.
ಶ್ರುತಿ ತಪ್ಪದವನಿಗೆ ಮಿಕ್ಕದ್ದೂ ತಪ್ಪದೆಂಬ ಹಮ್ಮು
ಯಾವಾಗ ಒಳಹೊಕ್ಕಿತೋ ಗೊತ್ತಿಲ್ಲ.

ಗಂಡ ಕಡಲಪಾಲಾದ ವರ್ಷ, ಮಡಿಲಲ್ಲಿ ಅವಳಿ ಕೂಸು,
ಭಾನುವಾರ ಬಿಸಿಲು ಬಿತ್ತೆಂದು ಓಯ್ರಿಕ್
ಹಗ್ಗದ ಮೇಲೆ ಹನ್ನೊಂದು ಲಂಗೋಟಿ ಹರವಿದಳು.
ಎಣಿಸಿದ್ದು ನಾನೇ.
ಹಿರಿಯರ ಸಭೆಯಲ್ಲಿ ಎದ್ದು ಹೇಳಿದ್ದೂ ನಾನೇ, ಲೆಕ್ಕ ಸಮೇತ.
ಅವಳು ಮರುಮಾತಾಡಲಿಲ್ಲ. ಮುಂದಿನ ವಾರದಿಂದ
ಬಾಗಿಲ ಬಳಿಯ ಕೊನೆಯ ಬೆಂಚಿಗೆ ಸರಿದಳು.
ಮೂವತ್ತಮೂರು ಚಳಿಗಾಲ ಅಲ್ಲೇ, ಬಾಗಿಲ ಸಂದಿಯ ಗಾಳಿಗೆ.

ಜೌಗಿನಲ್ಲಿ ಉರುವಲಿನ ಕರಿಮಣ್ಣು ಕತ್ತರಿಸುವಾಗ
ಅಪ್ಪ ಹೇಳುತ್ತಿದ್ದ: ಬೆರಳಗಲ ಮಣ್ಣಾಗಲು
ಪಾಚಿ ಇಪ್ಪತ್ತು ವರ್ಷ ಸತ್ತು ಮಲಗಬೇಕು.
ಕೃಪೆಯಲ್ಲಿ ಬೆಳೆಯುವುದೂ ಹಾಗೆಯೇ ಎಂದು
ಪ್ರಾರ್ಥನಾಕೂಟದಲ್ಲಿ ಎಷ್ಟೋ ಸಲ ಉಪಮೆ ಕೊಟ್ಟಿದ್ದೇನೆ.
ಉಪಮೆ ಚೆನ್ನಾಗಿತ್ತು. ಜನ ತಲೆದೂಗಿದರು.
ನನ್ನೊಳಗೆ ಬೆರಳಗಲವೂ ಕೂಡಿರಲಿಲ್ಲ.

ಈಗ ನನ್ನ ಮಾರ್ಸೈಲಿಗೆ ನಾನು
ಒಮ್ಮೆ ಅಣ್ಣ, ಒಮ್ಮೆ ಅಂಚೆಯವ,
ಒಮ್ಮೆ ಮನೆಗೆ ನುಗ್ಗಿದ ಯಾವನೋ.
ಆ ಶನಿವಾರ ರಾತ್ರಿ ಮೂರು ಸಲ ಹಾಸಿಗೆ ಒದ್ದೆ.
ಮನೆಯಲ್ಲಿದ್ದ ಹಾಸುಬಟ್ಟೆ ಮೂರೇ.
ಬೆಳಿಗ್ಗೆ ಒಗೆದು ಹಿಂಡಿ ಹಿತ್ತಿಲ ಬಾಗಿಲಲ್ಲಿ ನಿಂತೆ.
ಹೊರಗೆ, ಒಣಗಿಸಲೆಂದೇ ಕಳಿಸಿದಂಥ ಗಾಳಿ.
ಒಳಗೆ ಅವಳು ನಡುಗುತ್ತ ಅಮ್ಮನನ್ನು ಕರೆಯುತ್ತಿದ್ದಳು.
ಕರುಣೆಯ ಕೆಲಸಕ್ಕೆ ನಿಯಮದಲ್ಲಿ ಎಡೆಯುಂಟು, ಬಲ್ಲೆ.
ಲಂಗೋಟಿ ಎಣಿಸುವಾಗಲೂ ಬಲ್ಲವನಾಗಿದ್ದೆ.

ಎಸೆದೆ ಹಗ್ಗದ ಮೇಲೆ. ಹಡಗಿನ ಪಟದಂತೆ
ಎದ್ದು ಮುಖಕ್ಕೆ ಬಡಿಯಿತು.
ಎಂಬತ್ತರ ಹತ್ತಿರದ ಗಂಡಸು, ಕಪ್ಪು ಕೋಟು, ಚರ್ಚಿನ ಟೈ,
ಒದ್ದೆ ಬಟ್ಟೆಯೊಂದಿಗೆ ಕುಸ್ತಿ.
ಗೋಡೆಯಾಚೆ ಓಯ್ರಿಕ್ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ.
ಈಗ ಎಣಿಸುತ್ತಾಳೆ ಅಂದುಕೊಂಡೆ.

ಗೋಡೆ ಬಳಸಿ ಬಂದಳು. ಏಪ್ರನ್ನಿನ ಜೇಬಿಂದ
ಹಿಡಿ ತುಂಬ ಮರದ ಕ್ಲಿಪ್ಪು ತೆಗೆದು
ತುದಿಗೆ ಒಂದರ ಪಕ್ಕ ಒಂದು ಸಿಕ್ಕಿಸಿದಳು.
"ಬಡಗಣ ಗಾಳಿಗೆ ಒಂದು ಸಾಲದು, ತೋರ್ಕಿಲ್.
ಎರಡೆರಡು ಹಾಕು."
ಮಿಕ್ಕವನ್ನು ನನ್ನ ಕೈಗಿಟ್ಟಳು. ಬಾಯಿ ತೆರೆದೆ.
"ನೀನು ನಡೆ, ಹೊತ್ತಾಯಿತು. ಇವಳ ಹತ್ತಿರ ನಾನಿರುತ್ತೇನೆ."
ಒಳಗೆ ಹೋಗಿ ಆಗಲೇ ಕೆಟಲ್ ಇಟ್ಟಿದ್ದಳು.

ಚರ್ಚಿನಲ್ಲಿ ಎದ್ದೆ. ಕೋಟಿನ ಜೇಬಲ್ಲಿ
ಕ್ಲಿಪ್ಪುಗಳು ಲಟಲಟ ಅಂದವು.
ಕೊನೆಯ ಬೆಂಚು ಖಾಲಿ. ಬಾಗಿಲ ಸಂದಿಯ ಗಾಳಿ
ಅಡ್ಡಿಯಿಲ್ಲದೆ ನೇರ ನನ್ನವರೆಗೆ ಬಂತು.
ಸಾಲು ಎತ್ತಿದೆ. ನಡುವೆ ಶ್ರುತಿ ಜಾರಿತು.
ಯಾರೂ ತಲೆಯೆತ್ತಲಿಲ್ಲ. ಜಾರಿದಲ್ಲಿಂದಲೇ
ಊರು ಅದನ್ನು ಎತ್ತಿಕೊಂಡಿತು, ತನ್ನ ತನ್ನ ವೇಗದಲ್ಲಿ.

ಮಧ್ಯಾಹ್ನ ಹಾಸುಬಟ್ಟೆ ಒಣಗಿತ್ತು.
ಮಡಚಲು ಇಬ್ಬರು ಬೇಕು. ಮಡಿಕೆ ಮಡಿಕೆಗೂ
ಒಬ್ಬರ ಕೈ ಇನ್ನೊಬ್ಬರ ಕೈವರೆಗೆ ಬರಲೇಬೇಕು.
ಮೂರನೆಯ ಮಡಿಕೆಗೆ ಹೇಳಿದೆ,
ಮೂವತ್ತಮೂರು ವರ್ಷ ಹೇಳದ್ದನ್ನು.
ಅವಳು ಅಂಚಿಗೆ ಅಂಚು ಸರಿಯಾಗಿ ಕೂಡಿಸಿದಳು.
"ಹನ್ನೆರಡಿದ್ದವು," ಎಂದಳು. "ಒಂದನ್ನು ಗಾಳಿ ಒಯ್ದಿತ್ತು.
ಆಗ ನಾನೂ ಒಂದೊಂದೇ ಕ್ಲಿಪ್ಪು ಹಾಕುತ್ತಿದ್ದೆ."